ಹಲಗೆಯ ಮೇಲೆ ಎದ್ದು ನಿಂತವಳು: ಇಸಾಬೆಲ್ ಲೆಥಮ್ ಮತ್ತು ನಾವು ಕೇಳದ ಉಳಿದ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಆಡಿದ ಮಾತನ್ನು ಓದಿಗೆ ಒಗ್ಗುವಷ್ಟು ಮಾತ್ರ ತಿದ್ದಲಾಗಿದೆ.)

 ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿದವರಿಗೂ ನಮಸ್ಕಾರ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತವರಿಗೂ ನಮಸ್ಕಾರ. ಇವತ್ತು ನಿಮ್ಮನ್ನು ಕಡಲಿಗೆ ಕರ್ಕೊಂಡು ಹೋಗ್ತೇನೆ. ನಮ್ಮ ಕಡಲಿಗಲ್ಲ, ಸ್ವಲ್ಪ ದೂರ. ಆದರೆ ಹೊರಡುವುದು ನಮ್ಮ ಕಡಲಿಂದಲೇ.

ಮುಲ್ಕಿ ಹತ್ತಿರ ಸಸಿಹಿತ್ಲು ಅಂತ ಒಂದು ಊರು. ನಂದಿನಿ, ಶಾಂಭವಿ ಎರಡೂ ಹೊಳೆ ಬಂದು ಕಡಲು ಸೇರುವ ಜಾಗ. ಮಳೆಗಾಲ ಶುರುವಾಗುವ ಮುಂಚೆ ಅಲ್ಲಿ ಸರ್ಫಿಂಗ್ ಸ್ಪರ್ಧೆ ನಡೆಯುತ್ತೆ. ಒಂದು ಸಲ ನೋಡ್ಲಿಕ್ಕೆ ಅಂತ ಹೋಗಿದ್ದೆ. ಹನ್ನೊಂದೋ ಹನ್ನೆರಡೋ ವರ್ಷದ ಹುಡುಗಿಯೊಬ್ಬಳು, ತನಗಿಂತ ಉದ್ದದ ಹಲಗೆಯನ್ನು ತಲೆ ಮೇಲೆ ಹೊತ್ತುಕೊಂಡು, ಹುಲ್ಲಿನ ಹೊರೆ ಹೊತ್ತವಳ ಹಾಗೆ ಸರಸರ ನಡ್ಕೊಂಡು ಹೋಗಿ ನೀರಿಗೆ ಇಳಿದಳು. ಆಚೆ ಈಚೆ ನೋಡ್ಲೇ ಇಲ್ಲ.

ನಾನು ಪಣಂಬೂರು ಬೀಚ್ ನೋಡ್ತಾ ಬೆಳೆದವಳು. ಭಾನುವಾರ ಸಂಜೆ ಹೋದರೆ ಅಣ್ಣಂದಿರೆಲ್ಲ ಅಂಗಿ ಕಳಚಿ ನೀರಿಗೆ ಹಾರ್ತಿದ್ರು. ನಾವು ಹುಡುಗಿಯರು ಚೂಡಿದಾರದ ಕಾಲನ್ನು ಮೊಣಕಾಲ ತನಕ ಮಡಚಿಕೊಂಡು, ಅವರ ಚಪ್ಪಲಿ ಕಾಯ್ತಾ ನಿಲ್ತಿದ್ದೆವು. ಕಡಲಿಂದ ಅರ್ಧ ಗಂಟೆ ದೂರದಲ್ಲಿ ಹುಟ್ಟಿದ ನಾನು ಈಜು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಬೆಂಗಳೂರಲ್ಲಿ, ಕ್ಲೋರಿನ್ ವಾಸನೆ ಹೊಡೆಯುವ ಕೊಳದಲ್ಲಿ! ಹಾಗಾಗಿ ಆ ಹುಡುಗಿಯನ್ನು ನೋಡಿದಾಗ ಹೊಟ್ಟೆಕಿಚ್ಚೇ ಆಯ್ತು ಅನ್ನಿ. ಮನೆಗೆ ಬಂದು ಫೋನಲ್ಲಿ ಹುಡುಕಿದೆ. ಮೊದಲು ಅಲೆ ಏರಿದ ಹೆಂಗಸು ಯಾರು?

ಬಂದ ಹೆಸರುಗಳಲ್ಲಿ ಒಂದು ಮತ್ತೆ ಮತ್ತೆ ಬರ್ತಿತ್ತು. ಇಸಾಬೆಲ್ ಲೆಥಮ್. ಆಸ್ಟ್ರೇಲಿಯಾದವಳು. ಕತೆ ಎಲ್ಲ ಕಡೆ ಒಂದೇ. 1915ರಲ್ಲಿ ಹವಾಯಿಯಿಂದ ಬಂದಿದ್ದ ಡ್ಯೂಕ್ ಕಹಾನಮೋಕು ಅನ್ನುವ ದೊಡ್ಡ ಈಜುಗಾರ ಸಿಡ್ನಿಯ ಬೀಚಲ್ಲಿ ಸರ್ಫಿಂಗ್ ತೋರಿಸ್ತಾನೆ. ನೆರೆದ ಜನರ ನಡುವಿಂದ ಹದಿನೈದು ವರ್ಷದ ಒಬ್ಬ ಹುಡುಗಿಯನ್ನು ಕರೆದು ತನ್ನ ಹಲಗೆ ಮೇಲೆ ನಿಲ್ಲಿಸಿಕೊಳ್ತಾನೆ. ಅವಳು ಆಸ್ಟ್ರೇಲಿಯಾದ ಮೊದಲ ಸರ್ಫರ್ ಆಗ್ತಾಳೆ. ಮುಗೀತು. ಸಿನಿಮಾ ಟ್ರೇಲರ್ ಥರ ಇದೆ ಅಲ್ವಾ? ನನಗೂ ಹಾಗೇ ಅನ್ನಿಸ್ತು, ಖುಷಿಯೂ ಆಯ್ತು. ಆಮೇಲೆ ಒಂದು ಪ್ರಶ್ನೆ ಕಾಡ್ಲಿಕ್ಕೆ ಶುರುವಾಯ್ತು. ಈಕೆ ಸತ್ತದ್ದು 1995ರಲ್ಲಿ, ತೊಂಬತ್ತೈದು ವರ್ಷ ಬಾಳಿ. ಹದಿನೈದನೇ ವಯಸ್ಸಿನ ಆ ಕೆಲವು ನಿಮಿಷ ಬಿಟ್ಟರೆ ಉಳಿದ ಎಂಬತ್ತು ವರ್ಷ ಏನು ಮಾಡ್ತಿದ್ದಳು, ಮಾರಾಯ್ರೆ?

ಅದನ್ನು ಹುಡುಕಿಕೊಂಡು ಹೋದದ್ದೇ ಈ ಸಂಚಿಕೆ.

ಮೊದಲು ಆ ಕಾಲದ ಸಿಡ್ನಿ ಹೇಗಿತ್ತು ಅಂತ ಸ್ವಲ್ಪ ಹೇಳ್ಬೇಕು. ಆಸ್ಟ್ರೇಲಿಯಾ ಅಂದ್ರೆ ಬೀಚು, ಬೀಚು ಅಂದ್ರೆ ಆಸ್ಟ್ರೇಲಿಯಾ ಅಂತ ನಾವು ಅಂದ್ಕೊಂಡಿದ್ದೇವೆ. ಆದರೆ ಅಲ್ಲಿ 1838ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಬೆಳಗ್ಗೆ ಆರರಿಂದ ರಾತ್ರಿ ಎಂಟರ ತನಕ ಜನರ ಕಣ್ಣಿಗೆ ಬೀಳುವಂತೆ ಕಡಲಲ್ಲಿ ಸ್ನಾನ ಮಾಡುವ ಹಾಗೇ ಇರಲಿಲ್ಲ. ಹೆಂಗಸರು ಮಾತ್ರ ಅಲ್ಲ, ಯಾರೂ! 1902ರಲ್ಲಿ ಮ್ಯಾನ್ಲಿ ಅನ್ನುವ ಕಡೆ ವಿಲಿಯಂ ಗೋಚರ್ ಅನ್ನುವ ಪತ್ರಿಕಾ ಸಂಪಾದಕ, 'ನಾನು ಹಗಲಲ್ಲೇ ಇಳಿಯುವವ, ಹಿಡಿಯುವವರು ಹಿಡೀರಿ' ಅನ್ನುವ ಹಾಗೆ ಮುಂಚೆಯೇ ಸಾರಿ ನೀರಿಗೆ ಇಳಿದ. ಮಾರನೇ ವರ್ಷ ಮ್ಯಾನ್ಲಿ ಕೌನ್ಸಿಲ್ ಹಗಲು ಸ್ನಾನಕ್ಕೆ ಒಪ್ಪಿತು, ಕುತ್ತಿಗೆಯಿಂದ ಮೊಣಕಾಲ ತನಕ ಮೈ ಮುಚ್ಚಿರಬೇಕು ಅನ್ನುವ ಷರತ್ತಿನ ಮೇಲೆ.

1907ರಲ್ಲಿ ಇನ್ನೊಂದು ತಮಾಷೆ. ಗಂಡಸರೂ ಸೊಂಟದ ಕೆಳಗೆ ಲಂಗದ ಥರದ್ದೊಂದು ತೊಡಬೇಕು ಅಂತ ಅಲ್ಲಿನ ಕಡಲತಡಿಯ ಕೌನ್ಸಿಲ್‌ಗಳ ಕಡೆಯಿಂದ ಪ್ರಸ್ತಾಪ ಬಂತು. ಗಂಡಸರು ಸುಮ್ಮನಿರ್ತಾರಾ? ನಿಜವಾಗಿಯೂ ಹೆಂಗಸರ ಲಂಗ, ಪೆಟಿಕೋಟು ತೊಟ್ಟು ಬಾಂಡಿಯಲ್ಲಿ ಮೆರವಣಿಗೆ ಹೊರಟರು. ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯ್ತು. ಗಂಡಸರ ಬಟ್ಟೆಯ ಮೇಲೆ ಕೈ ಇಟ್ಟ ತಕ್ಷಣ ನಿಯಮ ಎಷ್ಟು ಬೇಗ ಬದಲಾಯ್ತು ನೋಡಿ. ಇದನ್ನು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ 1907ರಲ್ಲಿ ಸಿಡ್ನಿಯ ಬೀಚ್‌ಗಳಲ್ಲಿ ಜೀವರಕ್ಷಕರ ಕ್ಲಬ್‌ಗಳೆಲ್ಲ ಸೇರಿ ಒಂದು ಸಂಘ ಕಟ್ಟಿದವು. ಮರದ ರಾಟೆಯಂಥ ರೀಲು, ಅದಕ್ಕೆ ಸುತ್ತಿದ ಉದ್ದ ಹಗ್ಗ, ಹಗ್ಗದ ತುದಿಗೆ ಬೆಲ್ಟು. ಒಬ್ಬ ಬೆಲ್ಟು ಕಟ್ಟಿಕೊಂಡು ಮುಳುಗ್ತಾ ಇರುವವನ ಹತ್ತಿರ ಈಜ್ತಾನೆ, ದಡದಲ್ಲಿದ್ದವರು ಹಗ್ಗ ಎಳೆದು ಇಬ್ಬರನ್ನೂ ತರ್ತಾರೆ. ಸರಳ ವ್ಯವಸ್ಥೆ, ಸಾವಿರಾರು ಜೀವ ಉಳಿಸಿದ ವ್ಯವಸ್ಥೆ. ಆದರೆ ಈ ಬೆಲ್ಟು ಗಂಡಸಿನ ಸೊಂಟಕ್ಕೆ ಮಾತ್ರ.

ಈಜಿನ ಸ್ಪರ್ಧೆಯ ಕತೆಯೂ ಹೆಚ್ಚುಕಮ್ಮಿ ಇಷ್ಟೇ. ಫ್ಯಾನಿ ಡ್ಯುರಾಕ್, ಮೀನಾ ವೈಲಿ ಅಂತ ಸಿಡ್ನಿಯ ಇಬ್ಬರು ಹುಡುಗಿಯರು. ಗಂಡಸರು ನೋಡುವ ಕಡೆ ಹೆಂಗಸರು ಈಜಬಾರದು ಅಂತ ಅವರದೇ ಮಹಿಳಾ ಸಂಘದ ನಿಯಮ ಇತ್ತು. ಜನ ಗಲಾಟೆ ಮಾಡಿ ಆ ನಿಯಮ ಸಡಿಲ ಮಾಡಿಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಹೆಂಗಸರ ಈಜು ಸೇರಿಸಿದಾಗ 100 ಮೀಟರ್‌ನಲ್ಲಿ ಫ್ಯಾನಿಗೆ ಚಿನ್ನ, ಮೀನಾಗೆ ಬೆಳ್ಳಿ. ಅದೇ ಒಲಿಂಪಿಕ್ಸ್‌ನಲ್ಲಿ ಗಂಡಸರ 100 ಮೀಟರ್ ಗೆದ್ದವನು ಯಾರು ಗೊತ್ತಾ? ನಮ್ಮ ಡ್ಯೂಕ್ ಕಹಾನಮೋಕು.

ಈಗ ಇಸಾಬೆಲ್ ಹತ್ತಿರ ಬರೋಣ. ಹುಟ್ಟಿದ್ದು 1899ರ ಮೇ 23, ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ. ಒಬ್ಬಳೇ ಮಗಳು. ಅಪ್ಪ ಸ್ಕಾಟ್ಲೆಂಡ್‌ನಿಂದ ಬಂದು ಮನೆ ಕಟ್ಟಿಸುವ ಕೆಲಸ ಮಾಡ್ತಿದ್ದವರು. ಮ್ಯಾನ್ಲಿಗೆ ಸ್ವಲ್ಪ ಉತ್ತರಕ್ಕೆ ಫ್ರೆಶ್‌ವಾಟರ್ ಅನ್ನುವ ಪುಟ್ಟ ಬೀಚಿದೆ, ಎರಡು ಬಂಡೆಗಳ ನಡುವೆ. ಅಲ್ಲೇ ಇವರ ಮನೆ. ಅಂದ್ರೆ ಈ ಹುಡುಗಿ ಬೀಚಿಗೆ ಮೇಳ ನೋಡ್ಲಿಕ್ಕೆ ಬಂದವಳಲ್ಲ, ಅದು ಅವಳ ಅಂಗಳ. ಡ್ಯೂಕ್ ಬರುವ ಹೊತ್ತಿಗೆ ಆಕೆ ಒಳ್ಳೆಯ ಈಜುಗಾರ್ತಿ. ಹಲಗೆ ಇಲ್ಲದೆ ಮೈಯನ್ನೇ ಹಲಗೆ ಮಾಡಿಕೊಂಡು ಅಲೆ ಜೊತೆ ದಡಕ್ಕೆ ಜಾರುವ ಆಟ ಅಲ್ಲಿ ಆಗಲೇ ಇತ್ತು, ಅದರಲ್ಲಿ ಅವಳು ಪಳಗಿದ್ದಳು. ಟ್ರೇಲರ್ ಕತೆಯಲ್ಲಿ ಇದು ಬರುವುದೇ ಇಲ್ಲ. 'ಜನರ ನಡುವಿಂದ ಒಬ್ಬ ಹುಡುಗಿ' ಅಷ್ಟೇ. ಅದೃಷ್ಟದ ಚೀಟಿ ಎತ್ತಿದ ಹಾಗೆ.

ಡ್ಯೂಕ್ ಸಿಡ್ನಿಗೆ ಬಂದದ್ದು 1914ರ ಡಿಸೆಂಬರಲ್ಲಿ, ಈಜು ಸಂಘದವರ ಆಹ್ವಾನದ ಮೇಲೆ, ಸ್ಪರ್ಧೆಗೆ. 1915ರ ಜನವರಿ 2ರಂದು ಡೊಮೇನ್ ಬಾತ್ಸ್ ಅನ್ನುವ ಕಡೆ 100 ಗಜವನ್ನು 53.8 ಸೆಕೆಂಡಲ್ಲಿ ಈಜಿ ವಿಶ್ವದಾಖಲೆ ಮಾಡಿದ. ಸರ್ಫಿಂಗ್ ಹಲಗೆಯನ್ನು ಊರಿಂದ ತಂದಿರಲಿಲ್ಲ. ಸಿಡ್ನಿಯ ಮರದ ಡಿಪೋದಿಂದ ಶುಗರ್ ಪೈನ್ ಮರದ ದೊಡ್ಡ ಹಲಗೆ ತರಿಸಿ ತಾನೇ ಕೆತ್ತಿದ. ಎಂಟು ಅಡಿಗೂ ಉದ್ದ, ಮೂವತ್ತು ಕಿಲೋಗೂ ಜಾಸ್ತಿ ತೂಕ. ಈಗಿನ ಹಲಗೆಗಳ ಅಡಿಯಲ್ಲಿ ಮೀನಿನ ರೆಕ್ಕೆ ಥರ ಒಂದು ಫಿನ್ ಇರುತ್ತೆ, ಹಲಗೆ ಅಡ್ಡ ಜಾರದ ಹಾಗೆ ಅದು ನೀರನ್ನು ಕಚ್ಚಿ ಹಿಡಿಯುತ್ತೆ. ಅದನ್ನು ಟಾಮ್ ಬ್ಲೇಕ್ ಅನ್ನುವವರು ಮೊದಲು ಹಾಕಿದ್ದೇ 1935ರಲ್ಲಿ. ಹಾಗಾಗಿ 1915ರ ಹಲಗೆ ಅಂದರೆ ಒಂದು ಬಾಗಿಲು ಅಂದ್ಕೊಳ್ಳಿ. ಮನೆಯ ಹೆಬ್ಬಾಗಿಲನ್ನು ಕಿತ್ತು ಕಡಲಿಗೆ ತಗೊಂಡು ಹೋಗಿ ಅದರ ಮೇಲೆ ನಿಂತ್ಕೊಳ್ಳುವುದು.

1914ರ ಡಿಸೆಂಬರ್ 24ಕ್ಕೆ ಫ್ರೆಶ್‌ವಾಟರ್‌ನಲ್ಲಿ ಪತ್ರಕರ್ತರಿಗೆ ಮೊದಲ ಪ್ರದರ್ಶನ. ಜನವರಿಯಲ್ಲಿ ಸಾರ್ವಜನಿಕರಿಗೆ. ಆಮೇಲೆ ಫೆಬ್ರವರಿಯಲ್ಲಿ ಪಕ್ಕದ ಡೀ ವೈ ಬೀಚಲ್ಲಿ. ಇಸಾಬೆಲ್ ಹಲಗೆ ಏರಿದ್ದು ಫ್ರೆಶ್‌ವಾಟರ್‌ನಲ್ಲಿ ಅಂತ ಬಹಳ ವರ್ಷ ಹೇಳಿಕೊಂಡು ಬಂದಿದ್ದರು. ಹಳೇ ಪತ್ರಿಕೆ ತಿರುವಿ ಹಾಕಿದವರು, ಅಲ್ಲ, ಅದು ಡೀ ವೈ ಅಂತಾರೆ. ಎರಡೂ ಊರಿನವರಿಗೆ ಇದು ಪ್ರತಿಷ್ಠೆಯ ಪ್ರಶ್ನೆ. ನಮ್ಮಲ್ಲಿ ಯಾವ ಊರಿನ ದೋಸೆ ಒಳ್ಳೇದು ಅಂತ ಜಗಳ ಆಡಿದ ಹಾಗೆ.

ಹುಡುಗಿಯನ್ನು ಯಾಕೆ ಹತ್ತಿಸಿಕೊಂಡ? ವೈಕಿಕಿಯಲ್ಲಿ ಗಂಡು ಹೆಣ್ಣು ಜೋಡಿಯಾಗಿ ಒಂದೇ ಹಲಗೆ ಏರುವುದು ಡ್ಯೂಕ್‌ಗೆ ಹೊಸದಲ್ಲ. ಹೊಸದಾಗಿದ್ದದ್ದು ಸಿಡ್ನಿಯವರಿಗೆ. ಇನ್ನೊಂದು ವಿಷಯ. 1901ರಿಂದಲೇ ಆಸ್ಟ್ರೇಲಿಯಾದಲ್ಲಿ ಬಿಳಿಯರಲ್ಲದವರು ವಲಸೆ ಬರದಂತೆ ತಡೆಯುವ ಕಾನೂನಿತ್ತು. ಡ್ಯೂಕ್ ಕಂದು ಮೈಬಣ್ಣದ ಹವಾಯಿಯವನು. ಅತಿಥಿಯಾಗಿ ಬಂದಾಗ ಚಪ್ಪಾಳೆ, ನೆಲೆಸ್ತೇನೆ ಅಂದಿದ್ರೆ ಬೇರೆ ಮಾತಾಗ್ತಿತ್ತು. ಆ ದೇಶದಲ್ಲಿ, ಆ ಕಾಲದಲ್ಲಿ, ಅವನು ಹದಿನೈದರ ಬಿಳಿ ಹುಡುಗಿಯನ್ನು ಎಲ್ಲರೆದುರು ತನ್ನ ಹಲಗೆ ಮೇಲೆ ನಿಲ್ಲಿಸಿಕೊಂಡ. ಜನ ಅದನ್ನು ಆಟ ಅಂತಲೇ ನೋಡಿದರು. ಕಡಲು ಕೆಲವು ಸಲ ದಡದ ನಿಯಮಗಳನ್ನು ಹಾಗೆ ಮರೆಸಿಬಿಡುತ್ತೆ, ಸ್ವಲ್ಪ ಹೊತ್ತು.

ಆ ಸವಾರಿ ಹೇಗಿತ್ತು ಅಂತ ಇಸಾಬೆಲ್ ಮುದುಕಿಯಾದ ಮೇಲೆ ಕೊಟ್ಟ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅದರಲ್ಲಿ ವೀರಾವೇಶ ಏನೂ ಇಲ್ಲ, ಅದೇ ನನಗೆ ಇಷ್ಟ ಆದದ್ದು. ಇಬ್ಬರೂ ಹಲಗೆ ಮೇಲೆ ಮಲಗಿ, ಕೈಯಿಂದ ಹುಟ್ಟು ಹಾಕಿಕೊಂಡು ಅಲೆ ಒಡೆಯುವ ಜಾಗದಿಂದ ಆಚೆ ಹೋದರು. ಅಲೆ ಬಂತು, ಹಲಗೆಯ ಹಿಂಭಾಗ ಎದ್ದಿತು. ಇವಳು ಮೂತಿಯ ಕಡೆಯಿಂದ ಕೆಳಗೆ ನೋಡಿದಳು. ಬೆಟ್ಟದ ಕೊರಕಲಿನ ಅಂಚಲ್ಲಿ ನಿಂತು ಕೆಳಗೆ ಇಣುಕಿದ ಹಾಗಾಯ್ತಂತೆ. ಬೇಡ ಬೇಡ ಅಂತ ಕೂಗಿಕೊಂಡಳು. ಅಲೆ ಹೋಯ್ತು. ಮತ್ತೆ ಬಂತು, ಮತ್ತೆ ಬೇಡ ಅಂದಳು. ಕೊನೆಗೆ ಡ್ಯೂಕ್ ಇವಳ ಮಾತು ಕೇಳಲಿಲ್ಲ. ಬೆಕ್ಕಿನ ಮರಿಯನ್ನು ಎತ್ತಿದ ಹಾಗೆ ಹಿಂಗುತ್ತಿಗೆಗೆ ಕೈ ಹಾಕಿ ಎಬ್ಬಿಸಿ ನಿಲ್ಲಿಸಿಬಿಟ್ಟ. ಇಳಿದರು. ದಡದ ತನಕ. ಆಮೇಲೆ ಆಕೆಗೆ ಇದರ ಹುಚ್ಚು ಬಿಡಲೇ ಇಲ್ಲ.

ಹೆದರಿದವಳೇ 'ನಾನು ಹೆದರಿದ್ದೆ' ಅಂತ ಹೇಳಿಕೊಂಡ ಕತೆ ಇದು. ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೇ ಆಕೆಗೆ ಸ್ವಲ್ಪ ನಷ್ಟ ಆಯ್ತೇನೋ ಅಂತ ನನಗನ್ನಿಸುತ್ತೆ. ಯಾಕಂದ್ರೆ ಕತೆ ಕೇಳಿದವರು ಡ್ಯೂಕ್‌ನ ಕೈಯನ್ನು ನೆನಪಿಟ್ಟುಕೊಂಡರು, ಅವಳ ಕಾಲನ್ನು ಮರೆತರು. ಎಬ್ಬಿಸಿದ್ದು ಅವನು, ಸರಿ. ದಡದವರೆಗೆ ಬೀಳದೆ ನಿಂತದ್ದು ಯಾರು? ಮುಂದಿನ ಬೇಸಗೆಗಳಲ್ಲಿ ಡ್ಯೂಕ್ ಇಲ್ಲದೆ ಫ್ರೆಶ್‌ವಾಟರ್‌ನ ಅಲೆಗಳಿಗೆ ಹಲಗೆ ಒಯ್ದದ್ದು ಯಾರು?

ಸರಿ, ಈಗ 'ಮೊದಲಿಗಳು' ಅನ್ನುವ ಮಾತಿಗೆ ಬರೋಣ. ಇಲ್ಲಿ ನನ್ನ ನಾಯಕಿಗೇ ನಾನು ಸ್ವಲ್ಪ ದ್ರೋಹ ಮಾಡ್ಬೇಕಾಗುತ್ತೆ.

ಡ್ಯೂಕ್ ಬರುವ ಮುಂಚೆಯೇ ಮ್ಯಾನ್ಲಿಯಲ್ಲಿ ಹಲಗೆ ಇತ್ತು. ಟಾಮಿ ವಾಕರ್ ಅನ್ನುವವನು ತಾನು 1909ರಲ್ಲಿ ವೈಕಿಕಿಯಲ್ಲಿ ಎರಡು ಡಾಲರ್ ಕೊಟ್ಟು ಹಲಗೆ ಕೊಂಡು ತಂದೆ ಅಂತ ಆಮೇಲೆ ಪತ್ರಿಕೆಗೆ ಬರೆದಿದ್ದಾನೆ. 1912ರಲ್ಲಿ ಮ್ಯಾನ್ಲಿಯ ಉತ್ಸವದಲ್ಲಿ ಅವನು ಹಲಗೆ ಮೇಲೆ ತಲೆಕೆಳಗಾಗಿ ನಿಂತು ಅಲೆ ಇಳಿದದ್ದು ಪತ್ರಿಕೆಯಲ್ಲಿ ಬಂದಿತ್ತು. ಅದೇ ಮ್ಯಾನ್ಲಿಯಲ್ಲಿ ಇಸ್ಮಾ ಅಮೋರ್ ಅನ್ನುವ ಯುವತಿಯೂ ಹಲಗೆ ಹಿಡಿದು ಅಲೆಗೆ ಇಳೀತಿದ್ದಳು, ಇಸಾಬೆಲ್‌ಗಿಂತ ಮೊದಲೇ, ಅಂತ ಸರ್ಫಿಂಗ್ ಇತಿಹಾಸ ಕೆದಕಿದವರು ಈಗ ಹೇಳ್ತಾರೆ. ಇಸ್ಮಾ ಅಮೋರ್. ಹೆಸರು ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಅವಳ ಪಕ್ಕದಲ್ಲಿ ಒಲಿಂಪಿಕ್ ಚಾಂಪಿಯನ್ ಇರಲಿಲ್ಲ. ಹಾಗಾಗಿ ಸುದ್ದಿಯಾಗಲಿಲ್ಲ. ನಮ್ಮ ಕಾಲದ ಭಾಷೆಯಲ್ಲಿ ಹೇಳೋದಾದ್ರೆ ದೊಡ್ಡ ಅಕೌಂಟ್ ಒಂದು ಟ್ಯಾಗ್ ಮಾಡಿದವರಷ್ಟೇ ಇತಿಹಾಸಕ್ಕೆ ಕಾಣ್ತಾರೆ.

ಇನ್ನೂ ಹಿಂದೆ ಹೋದರೆ 'ಮೊದಲಿಗಳು' ಅನ್ನುವ ಪದವೇ ಕರಗಿಹೋಗುತ್ತೆ. ಹವಾಯಿಯಲ್ಲಿ ಹೆಂಗಸರು ಅಲೆ ಏರುವುದು ಸುದ್ದಿಯೇ ಅಲ್ಲ. ರಾಣಿಯರು ಏರ್ತಿದ್ದರು, ಮೀನು ಹಿಡಿಯುವವರ ಮನೆಯ ಹೆಂಗಸರು ಏರ್ತಿದ್ದರು, ಮಕ್ಕಳು ಏರ್ತಿದ್ದರು. ಮಾವಿ ದ್ವೀಪದ ಕೆಲೆಯಾ ಅನ್ನುವ ರಾಜಮನೆತನದ ಹೆಣ್ಣು ಎಲ್ಲರಿಗಿಂತ ಚೆನ್ನಾಗಿ ಅಲೆ ಏರ್ತಿದ್ದಳು ಅಂತ ಅವರ ಹಳೇ ಕತೆಗಳಲ್ಲೇ ಬರುತ್ತೆ. 1820ರಲ್ಲಿ ಅಲ್ಲಿಗೆ ಅಮೆರಿಕದ ಪಾದ್ರಿಗಳು ಬಂದರು. ಅರೆಬೆತ್ತಲೆ ಮೈ, ಗಂಡು ಹೆಣ್ಣು ಒಟ್ಟಿಗೆ ನೀರಾಟ ಅವರ ಕಣ್ಣಿಗೆ ಹಿಡಿಸಲಿಲ್ಲ. ಅದಕ್ಕಿಂತ ದೊಡ್ಡ ಏಟು ಹೊರಗಿನಿಂದ ಬಂದ ರೋಗಗಳದ್ದು. ಜನರೇ ಕಡಿಮೆಯಾದ ಮೇಲೆ ಅಲೆ ಏರುವವರಾದರೂ ಎಲ್ಲಿ?

ಕಡಿಮೆಯಾದ ಆ ಕಾಲದಲ್ಲೂ ಹಲಗೆ ಬಿಡದವಳು ರಾಜಕುಮಾರಿ ಕೈಯುಲಾನಿ. 1875ರಲ್ಲಿ ಹುಟ್ಟಿದವಳು, ಹವಾಯಿಯ ಸಿಂಹಾಸನದ ಉತ್ತರಾಧಿಕಾರಿ. 1893ರಲ್ಲಿ ಅಮೆರಿಕದ ವ್ಯಾಪಾರಿಗಳು ಸೇರಿ ಅವಳ ಮನೆತನದ ಆಳ್ವಿಕೆ ಉರುಳಿಸಿದಾಗ, ಹದಿನೇಳು ವರ್ಷದ ಹುಡುಗಿ ವಾಷಿಂಗ್ಟನ್ ತನಕ ಹೋಗಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಎದುರು ತನ್ನ ನಾಡಿನ ಪರವಾಗಿ ಮಾತಾಡಿದಳು. ಆದರೂ 1898ರಲ್ಲಿ ಅಮೆರಿಕ ಹವಾಯಿಯನ್ನು ಸೇರಿಸಿಕೊಂಡಿತು. ಮಾರನೇ ವರ್ಷ ಮಾರ್ಚಲ್ಲಿ ಕೈಯುಲಾನಿ ತೀರಿಕೊಂಡಳು, ಬರೀ ಇಪ್ಪತ್ತಮೂರು. ಕೋವಾ ಮರದ ಅವಳ ಹಲಗೆ ಇವತ್ತಿಗೂ ಹೊನೊಲುಲುವಿನ ಬಿಷಪ್ ಮ್ಯೂಸಿಯಮ್‌ನಲ್ಲಿದೆ.

1899ರ ಮಾರ್ಚಲ್ಲಿ ಹೊನೊಲುಲುವಿನಲ್ಲಿ ಕೈಯುಲಾನಿ ಸತ್ತಳು. ಎರಡೂವರೆ ತಿಂಗಳ ನಂತರ ಸಿಡ್ನಿಯಲ್ಲಿ ಇಸಾಬೆಲ್ ಹುಟ್ಟಿದಳು. ಕಾಕತಾಳೀಯ, ಗೊತ್ತು. ಆದರೂ ಹೇಳದೆ ಇರ್ಲಿಕ್ಕೆ ಆಗಲಿಲ್ಲ.

ಹಾಗಾದ್ರೆ ಇಸಾಬೆಲ್ ಮೊದಲಿಗಳಲ್ಲದಿದ್ದರೆ ನಾನ್ಯಾಕೆ ಇಷ್ಟು ಹೊತ್ತು ಅವಳ ಬಗ್ಗೆ ಮಾತಾಡ್ತಿದ್ದೇನೆ? ಯಾಕಂದ್ರೆ ಆಕೆಯ ನಿಜವಾದ ಕತೆ ಆ ಅಲೆ ಇಳಿದ ಮೇಲೆ ಶುರುವಾಗುತ್ತೆ.

1918ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಒಬ್ಬಳೇ ಹಡಗು ಹತ್ತಿ ಅಮೆರಿಕಕ್ಕೆ ಹೊರಟಳು. ಯುದ್ಧ ಇನ್ನೂ ಮುಗಿದಿರಲಿಲ್ಲ. ಹಾಲಿವುಡ್‌ನ ಆಸೆ. ಅದು ಹುಚ್ಚು ಆಸೆಯೂ ಅಲ್ಲ, ಆನೆಟ್ ಕೆಲ್ಲರ್‌ಮನ್ ಅನ್ನುವ ಸಿಡ್ನಿಯದೇ ಈಜುಗಾರ್ತಿ ಆಗ ಅಲ್ಲಿ ಸಿನಿಮಾ ತಾರೆ. ಇಸಾಬೆಲ್‌ಗೆ ಸಿನಿಮಾ ಒಲಿಯಲಿಲ್ಲ. ನೀರು ಒಲಿಯಿತು. ಈಜು ಕಲಿಸ್ಲಿಕ್ಕೆ ಶುರು ಮಾಡಿದಳು. ನಡುವೆ ಒಮ್ಮೆ ಊರಿಗೆ ಬಂದು, ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಕಲಿಸಿದಳು, ಸ್ಯಾನ್ ಫ್ರಾನ್ಸಿಸ್ಕೋದ ಮಹಿಳಾ ಕ್ಲಬ್ಬಿನಲ್ಲಿ ಈಜು ಕಲಿಸುವ ಹೊಣೆ ಹೊತ್ತಳು. ದೇಶ ಬಿಟ್ಟು ಬಂದು, ಯಾರ ಹಂಗಿಲ್ಲದೆ, ತನ್ನ ವಿದ್ಯೆಯಿಂದ ತಾನೇ ದುಡಿದು ತಿನ್ನುವ ಹೆಣ್ಣು, 1920ರ ದಶಕದಲ್ಲಿ. ಮದುವೆಯಾಗಲೇ ಇಲ್ಲ.

ಈಗ ಬರುತ್ತೆ ನನಗೆ ನಿದ್ದೆ ಕೆಡಿಸಿದ ಭಾಗ. ಕ್ಯಾಲಿಫೋರ್ನಿಯಾದ ಬೀಚ್‌ಗಳಲ್ಲೂ ಜನ ಮುಳುಗಿ ಸಾಯ್ತಿದ್ದರು. ಸಿಡ್ನಿಯ ರೀಲು, ಹಗ್ಗ, ಬೆಲ್ಟಿನ ಪದ್ಧತಿಯನ್ನು ಇಲ್ಲೂ ತರಬೇಕು ಅಂತ ಇಸಾಬೆಲ್‌ಗೆ ಅನ್ನಿಸ್ತು. ಅದಕ್ಕೆ ಅಧಿಕೃತವಾಗಿ ಒಂದು ಅರ್ಹತೆ ಬೇಕಲ್ಲ? ಹಾಗಾಗಿ ತನ್ನ ಊರಿನ ಪಕ್ಕದ ಮ್ಯಾನ್ಲಿ ಜೀವರಕ್ಷಕ ಕ್ಲಬ್ಬಿಗೆ ಸದಸ್ಯತ್ವ ಕೇಳಿದಳು. ಕ್ಲಬ್ ಇಲ್ಲ ಅಂದಿತು. ಕಾರಣ? ಹೆಂಗಸು. ಒರಟು ಕಡಲಿನ ಪರಿಸ್ಥಿತಿಯನ್ನು ಹೆಂಗಸು ನಿಭಾಯಿಸಲಾರಳು.

ಯಾರಿಗೆ ಹೇಳಿದ್ದು ಇದನ್ನು? ಒಲಿಂಪಿಕ್ ಚಾಂಪಿಯನ್ ಜೊತೆ ಅದೇ ಕಡಲಲ್ಲಿ ಹದಿನೈದನೇ ವಯಸ್ಸಿಗೇ ಹಲಗೆ ಮೇಲೆ ನಿಂತವಳಿಗೆ. ವಿಶ್ವವಿದ್ಯಾಲಯದಲ್ಲಿ ಈಜು ಕಲಿಸುವವಳಿಗೆ. ಆಕೆ ಕೇಳಿದ್ದು ಪದಕ ಅಲ್ಲ, ಜನರ ಜೀವ ಉಳಿಸುವ ಕೆಲಸ.

ಲಂಗ ತೊಡಿ ಅಂದಾಗ ಗಂಡಸರು ಮೆರವಣಿಗೆ ಹೋದದ್ದು ನೆನಪಿದೆಯಾ? ವಾರಗಳಲ್ಲೇ ಪ್ರಸ್ತಾಪ ಮಾಯ. ಆಸ್ಟ್ರೇಲಿಯಾದ ಸರ್ಫ್ ಜೀವರಕ್ಷಕ ಸಂಘ ಹೆಂಗಸರನ್ನು ಪೂರ್ಣ ಸಕ್ರಿಯ ಸದಸ್ಯರಾಗಿ ಒಪ್ಪಿಕೊಂಡದ್ದು 1980ರಲ್ಲಿ. ಹತ್ತೊಂಬತ್ತು ನೂರಾ ಎಂಬತ್ತು! ಮಧ್ಯೆ ಎರಡನೇ ಮಹಾಯುದ್ಧ ಬಂದಾಗ ಗಂಡಸರೆಲ್ಲ ಸೈನ್ಯಕ್ಕೆ ಹೋದರು ಅಂತ ಕೆಲವು ಕ್ಲಬ್‌ಗಳಲ್ಲಿ ಹೆಂಗಸರೇ ಬೀಚ್ ಕಾದರು. ಯುದ್ಧ ಮುಗಿದ ಮೇಲೆ, 'ಸರಿ ಅಕ್ಕ, ನೀವಿನ್ನು ಟೀ ಮಾಡಿ' ಅನ್ನುವ ಕತೆಯೇ. ಬಾಗಿಲು ತೆರೆಯುವ ಹೊತ್ತಿಗೆ ಇಸಾಬೆಲ್‌ಗೆ ಎಂಬತ್ತು ದಾಟಿತ್ತು.

ಇರಲಿ. 1929ರಲ್ಲಿ ಅಮೆರಿಕದಲ್ಲೇ ಬಿದ್ದು ಬೆನ್ನಿಗೆ ಜೋರು ಪೆಟ್ಟಾಯ್ತು. ಚೇತರಿಸಿಕೊಳ್ಳೋಣ ಅಂತ ಸಿಡ್ನಿಗೆ ಬಂದಳು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದು ಜಗತ್ತೇ ಮಗುಚಿತು, ವಾಪಸ್ ಹೋಗುವ ದಾರಿ ಮುಚ್ಚಿಹೋಯ್ತು. ಮೂವತ್ತರ ಆಸುಪಾಸಿನಲ್ಲಿ, ನೋಯುವ ಬೆನ್ನು ಹೊತ್ತುಕೊಂಡು, ಬಿಟ್ಟು ಬಂದ ಊರಿಗೇ ಮರಳಿ ಬಂದು ಕೂತವಳ ಮನಸ್ಸು ಹೇಗಿದ್ದಿರಬಹುದು? ಗಲ್ಫ್‌ನಿಂದ ಕೆಲಸ ಬಿಟ್ಟು ಊರಿಗೆ ಬಂದ ನಮ್ಮ ಕಡೆಯ ಎಷ್ಟೋ ಜನರ ಮುಖ ನನಗೆ ನೆನಪಾಯ್ತು.

ಆಕೆ ಮಾಡಿದ್ದು ಇಷ್ಟು. ಫ್ರೆಶ್‌ವಾಟರ್‌ನ ಕಲ್ಲುಕಟ್ಟೆಯ ಈಜುಕೊಳಕ್ಕೆ ಇಳಿದು ಊರಿನ ಮಕ್ಕಳಿಗೆ ಈಜು ಕಲಿಸ್ಲಿಕ್ಕೆ ಶುರು ಮಾಡಿದಳು. ವರ್ಷಗಟ್ಟಲೆ, ದಶಕಗಟ್ಟಲೆ. ಆ ಭಾಗದ ಬೀಚ್‌ಗಳ ಮಕ್ಕಳೆಲ್ಲ ಆಕೆಯ ಕೈಯಲ್ಲಿ ನೀರು ಕಲಿತರು. 1950ರ ದಶಕದಲ್ಲಿ ಹುಡುಗಿಯರನ್ನು ಸೇರಿಸಿ ನೀರಲ್ಲಿ ತಾಳಕ್ಕೆ ಸರಿಯಾಗಿ ನೃತ್ಯ ಮಾಡುವ ವಾಟರ್ ಬ್ಯಾಲೆ ಹೇಳಿಕೊಟ್ಟಳು. ಅದೇ ಆಟ 1984ರಲ್ಲಿ ಸಿಂಕ್ರನೈಸ್ಡ್ ಸ್ವಿಮ್ಮಿಂಗ್ ಅನ್ನುವ ಹೆಸರಲ್ಲಿ ಒಲಿಂಪಿಕ್ಸ್‌ಗೆ ಬಂತು.

ಇದಕ್ಕೆ ಟ್ರೇಲರ್ ಮಾಡ್ಲಿಕ್ಕಾಗಲ್ಲ ಅಲ್ವಾ? ಚಳಿಯಲ್ಲಿ ನಡುಗುವ ಮಗುವಿನ ಹೊಟ್ಟೆಯಡಿ ಕೈ ಕೊಟ್ಟು 'ಕಾಲು ಬಡಿ, ಕಾಲು ಬಡಿ' ಅಂತ ಸಾವಿರ ಸಲ ಹೇಳಿದ್ದಕ್ಕೆ ಫೋಟೋ ಇರೋದಿಲ್ಲ. ನನಗೆ ಈಜು ಕಲಿಸಿದವರೂ ಒಬ್ಬರು ಟೀಚರಮ್ಮ. ಇಪ್ಪತ್ತಾರು ವರ್ಷದ ದಡ್ಡಿಯೊಬ್ಬಳು ಕೊಳದ ಅಂಚಿನ ಕಂಬಿ ಬಿಡದೆ ಅಳ್ತಾ ನಿಂತಾಗ ಅವರು ನಗಲಿಲ್ಲ. ಡ್ಯೂಕ್ ಮಾಡಿದ ಹಾಗೆ ಕುತ್ತಿಗೆಗೆ ಕೈ ಹಾಕಿ ಎಬ್ಬಿಸಲೂ ಇಲ್ಲ. ಒಂದೂವರೆ ತಿಂಗಳು ಕಾದರು. ಜೀವ ಉಳಿಸುವ ಕ್ಲಬ್ ಇಸಾಬೆಲ್‌ಗೆ ಬೆಲ್ಟು ಕೊಡಲಿಲ್ಲ, ಆದರೆ ಆಕೆ ಈಜು ಕಲಿಸಿದ ಮಕ್ಕಳಲ್ಲಿ ಎಷ್ಟು ಜನ ಮುಂದೆ ಮುಳುಗದೆ ಉಳಿದರೋ, ಅದನ್ನು ಯಾವ ಕ್ಲಬ್ಬಿನ ಲೆಕ್ಕದ ಪುಸ್ತಕವೂ ಹೇಳಲ್ಲ.

ಅಷ್ಟರಲ್ಲಿ ಕಾಲ ಓಡ್ತಾ ಇತ್ತು. 1964ರಲ್ಲಿ ಮೊದಲ ವಿಶ್ವ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆದದ್ದು ಎಲ್ಲಿ? ಅದೇ ಮ್ಯಾನ್ಲಿಯಲ್ಲಿ. ಹೆಂಗಸರ ವಿಭಾಗ ಗೆದ್ದದ್ದು ಆಸ್ಟ್ರೇಲಿಯಾದ ಫಿಲಿಸ್ ಒಡಾನೆಲ್. ಒರಟು ಕಡಲನ್ನು ಹೆಂಗಸು ನಿಭಾಯಿಸಲಾರಳು ಅಂದಿದ್ದ ಊರಲ್ಲೇ! 1970ರ ದಶಕದಲ್ಲಿ ಹೆಂಗಸರ ಸರ್ಫಿಂಗ್ ಸಂಘಟನೆ ಕಟ್ಟಲು ಹೊರಟ ಹುಡುಗಿಯರು ಇಸಾಬೆಲ್ ಅಜ್ಜಿಯನ್ನು ಹುಡುಕಿಕೊಂಡು ಬಂದರು, 1978ರಲ್ಲಿ ತಮ್ಮ ಸಂಘದ ಆಜೀವ ಸದಸ್ಯೆ ಮಾಡಿಕೊಂಡರು. ಅರ್ಧ ಶತಮಾನದ ಹಿಂದೆ ಗಂಡಸರ ಕ್ಲಬ್ ಕೊಡದಿದ್ದ ಸದಸ್ಯತ್ವವನ್ನು ಮೊಮ್ಮಕ್ಕಳ ವಯಸ್ಸಿನ ಹುಡುಗಿಯರು ಕೊಟ್ಟರು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು, ಸುಳ್ಳು ಹೇಳಲ್ಲ. 1993ರಲ್ಲಿ ಆಸ್ಟ್ರೇಲಿಯನ್ ಸರ್ಫಿಂಗ್ ಹಾಲ್ ಆಫ್ ಫೇಮ್‌ಗೂ ಸೇರಿಸಿದರು. 1990ರ ವಿಶ್ವ ಚಾಂಪಿಯನ್ ಪ್ಯಾಮ್ ಬರ್ರಿಜ್ ತನ್ನ ಮಗಳಿಗೆ ಇಸಾಬೆಲ್ ಅಂತಲೇ ಹೆಸರಿಟ್ಟಳು. ವಿಶ್ವ ಸರ್ಫಿಂಗ್ ಲೀಗ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಬಹುಮಾನದ ಹಣ ಸಮಾನವಾದದ್ದು 2019ರಿಂದ. ಅದನ್ನು ನೋಡ್ಲಿಕ್ಕೆ ಆಕೆ ಇರಲಿಲ್ಲ.

ನಮ್ಮ ಕಡಲಿಗೂ ಈ ಹಲಗೆ ಬಂತು. ಮುಲ್ಕಿಯ ಒಂದು ಆಶ್ರಮದಲ್ಲಿ 2004ರ ಸುಮಾರಿಗೆ ಸರ್ಫಿಂಗ್ ಶುರುವಾಯ್ತು. ಸನ್ಯಾಸಿಗಳು ಸರ್ಫಿಂಗ್ ಕಲಿಸ್ತಾರಂತೆ ಅಂತ ಕೇಳಿ ನಾವೆಲ್ಲ ಆಗ ನಕ್ಕಿದ್ದೆವು. 2007ರಲ್ಲಿ ಮಣಿಪಾಲದಲ್ಲಿ ಓದ್ತಿದ್ದ ಇಶಿತಾ ಮಾಳವೀಯ ಅಲ್ಲಿಂದಲೇ ಅಲೆ ಏರಲು ಕಲಿತು, ಮುಂದೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಊರಿನ ಮಕ್ಕಳಿಗೂ ಕಲಿಸ್ಲಿಕ್ಕೆ ನಿಂತರು. ಭಾರತದ ಮೊದಲ ಮಹಿಳಾ ಸರ್ಫರ್ ಅಂತ ಪತ್ರಿಕೆಗಳು ಅವರನ್ನು ಕರೀತವೆ. ಮುಲ್ಕಿಯದೇ ಹುಡುಗಿ ತನ್ವಿ ಜಗದೀಶ್ ಹುಟ್ಟುಹಲಗೆ ಹಿಡಿದು ನಿಂತು ಸಾಗುವ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ದೇಶದ ಪರವಾಗಿ ಸ್ಪರ್ಧಿಸಿದಳು. ನಮ್ಮ ಮೀನುಗಾರ ಕೇರಿಗಳಲ್ಲಿ ಕಡಲನ್ನು ಬಲ್ಲ ಹೆಂಗಸರಿಗೆ ಯಾವತ್ತೂ ಬರವಿರಲಿಲ್ಲ. ಯಾವ ಗಾಳಿಗೆ ಯಾವ ಮೀನು, ಯಾವ ತೆರೆ ಸಿಟ್ಟಿನದು ಅಂತ ಬುಟ್ಟಿ ಹೊತ್ತವರಿಗೆ ಗೊತ್ತು. ನೀರಿಗೆ ಇಳಿದು ಆಡುವ ಹಕ್ಕಿನ ವಿಷಯಕ್ಕೆ ಬಂದಾಗಷ್ಟೇ ದಡದಲ್ಲಿ ನಿಲ್ಲುವ ಪಾಳಿ.

ಇಸಾಬೆಲ್ ಲೆಥಮ್ ತೀರಿಕೊಂಡದ್ದು 1995ರ ಮಾರ್ಚ್ 11. ಡ್ಯೂಕ್ 1914ರಲ್ಲಿ ಕೆತ್ತಿದ ಆ ಹಲಗೆ ಫ್ರೆಶ್‌ವಾಟರ್‌ನ ಜೀವರಕ್ಷಕ ಕ್ಲಬ್ಬಿನಲ್ಲಿ ಜೋಪಾನವಾಗಿದೆ, ನೋಡ್ಲಿಕ್ಕೆ ಜನ ಹೋಗ್ತಾರೆ. ಆಕೆಯ ಚಿತಾಭಸ್ಮವನ್ನು ಮಾತ್ರ ಹೆಣ್ಣು ಸರ್ಫರ್‌ಗಳು ಹಲಗೆಗಳ ಮೇಲೆ ಫ್ರೆಶ್‌ವಾಟರ್‌ನ ಅಲೆ ಒಡೆಯುವ ಜಾಗದಿಂದ ಆಚೆ ಒಯ್ದು ನೀರಿಗೆ ಬಿಟ್ಟರು. ಅಲೆಗಾಗಿ ಕಾಯ್ತಾ ಕೂರುವ ಆ ಜಾಗ ಇದೆಯಲ್ಲ, ಅಲ್ಲಿ.

ಈ ಭಾನುವಾರ ಪಣಂಬೂರಿಗೆ ಹೋಗ್ತಿದ್ದೇನೆ, ಅಣ್ಣನ ಮಗಳ ಜೊತೆ. ಚಪ್ಪಲಿ ಕಾಯುವ ಪಾಳಿ ಅಣ್ಣನದು. ಮುಂದಿನ ವಾರ ಸಿಗೋಣ.